ಬಿಜಲಿಯನ್ನು ಯಾವಾಗ ಬೀಳ್ಕೊಡಬೇಕು?

ಪ್ರಶ್ನೆ: ನಮ್ಮ ತಂದೆ ಗೋಳಗುಮ್ಮಟದ ಎದುರು ಟಾಂಗಾ ಹೊಡೆಯುತ್ತಿದ್ದವರು. ಬಿಜಲಿ ಎಂಬ ಹೆಣ್ಣು ಕುದುರೆ ನಮ್ಮ ಮನೆಗೆ ಬಂದಾಗ ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಈಗ ಅದಕ್ಕೆ 26 ವರ್ಷ ಆಗಿರಬಹುದು. ಟಾಂಗಾ ನಿಲ್ಲಿಸಿ ಮೂರು ವರ್ಷವಾಯಿತು. ಈ ಬೇಸಿಗೆಯಲ್ಲಿ ಪಕ್ಕೆಲುಬು ಎದ್ದು ಕಾಣುತ್ತಿವೆ, ಹಿಂಗಾಲು ಎಳೆದು ನಡೆಯುತ್ತದೆ, ಕಣಿಕೆ (ಜೋಳದ ದಂಟಿನ ಮೇವು) ಹಾಕಿದರೆ ಜಗಿದು ಉಗುಳುತ್ತದೆ. ಯಾರಿಗಾದರೂ ಕೊಟ್ಟುಬಿಡಿ ಎಂದು ಓಣಿಯವರು ಹೇಳುತ್ತಾರೆ. ನೋವಿಲ್ಲದೆ ಸಾಯಿಸುವ ಇಂಜೆಕ್ಷನ್ ಮಾತೆತ್ತಿದರೆ ಅಪ್ಪ, “ನಮ್ಮ ಮನೀಗೆ ಅನ್ನ ಹಾಕಿದ ಜೀವ ಐತಿ. ಅದರ ಪಾಡಿಗೆ ಅದು ಹೋಗ್ಲಿ ಬಿಡು” ಎನ್ನುತ್ತಾರೆ. ಏನು ಮಾಡಲಿ ಡಾಕ್ಟರ್ ಸಾಹೇಬರೇ?
— ಓದುಗರು, ವಿಜಯಪುರ

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ರಾತ್ರಿ ಮೇವು ತಿಂದು ಮಲಗಿದ ಕುದುರೆ ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಅವರ ಮನಸ್ಸಿನಲ್ಲಿರುವುದು ಅಂಥ ಸಾವು. ನನ್ನ ಇಷ್ಟು ವರ್ಷದ ಸೇವೆಯಲ್ಲಿ ಅಂಥದ್ದನ್ನು ಕಂಡದ್ದು ತೀರ ಕಡಿಮೆ. ಮುದಿ ಕುದುರೆ ಹೆಚ್ಚಾಗಿ ಹೋಗುವುದು ಹೊಟ್ಟೆಶೂಲೆಯಲ್ಲಿ ಹೊರಳಾಡಿ, ಇಲ್ಲವೇ ಬಿದ್ದಲ್ಲಿಂದ ಏಳಲಾಗದೆ. ಮೂರು ಕ್ವಿಂಟಲ್ ಮೈ ಒಂದೇ ಮಗ್ಗುಲಿಗೆ ಬಿದ್ದರೆ ಕೆಳಗಿನ ಮಾಂಸಖಂಡಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಕೆಳಬದಿಯ ಪುಪ್ಪುಸ ಅದುಮಿಹೋಗುತ್ತದೆ. ಎಷ್ಟು ಹೊತ್ತು ಬಿದ್ದಿರುತ್ತದೋ ಏಳುವ ಶಕ್ತಿ ಅಷ್ಟು ಕುಗ್ಗುತ್ತದೆ.

ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ಗಾಡಿ ಶರ್ಯತ್ತಿನ ಹಳೆಯ ಕುದುರೆಯೊಂದಕ್ಕೆ ನಾನೇ ಔಷಧ ಕೊಡುತ್ತಿದ್ದೆ. ಮಾಲೀಕರು “ಇನ್ನೆಷ್ಟು ದಿನರೀ?” ಎಂದು ಕೇಳಿದಾಗಲೆಲ್ಲ “ಇನ್ನೊಂದು ವಾರ ನೋಡೋಣ” ಎನ್ನುತ್ತಿದ್ದೆ. ಒಂದು ರಾತ್ರಿ ಅದು ಬಿತ್ತು. ನಾನು ತಲುಪುವಷ್ಟರಲ್ಲಿ ಬೆಳಕು ಹರಿದಿತ್ತು. ಏಳಲು ತಲೆ ಬಡಿದು ಬಡಿದು ನೆಲದ ಕಡೆಯ ಕಣ್ಣಿನ ಸುತ್ತ ಚರ್ಮವೇ ಉಳಿದಿರಲಿಲ್ಲ. ಆ ಒಂದು ವಾರ ನನಗೆ ಧೈರ್ಯ ಸಾಲದ್ದಕ್ಕೆ ಕೇಳಿದ್ದು, ಕುದುರೆಗೆ ಅದು ಬೇಕಿರಲಿಲ್ಲ. ಇದನ್ನು ನಿಮ್ಮ ತಂದೆಯವರಿಗೆ ಓದಿ ಹೇಳಿ.

ಓಣಿಯವರ ಸಲಹೆ ಮಾತ್ರ ಬೇಡವೇ ಬೇಡ. 26 ವರ್ಷದ ಕುದುರೆಯನ್ನು ಸಾಕುವುದಕ್ಕೆಂದು ಒಯ್ಯುವವರು ಸಿಗುವುದು ಕಷ್ಟ. ಒಯ್ದವರು ಇಟ್ಟಂಗಿ ಗಾಡಿಗೆ ಹೂಡುತ್ತಾರೆ, ಇಲ್ಲವೇ ರಸ್ತೆಗೆ ಬಿಡುತ್ತಾರೆ. ಹಸಿವು ನೀರಡಿಕೆಯಲ್ಲಿ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ.

ಹಾಗೆಂದು ನಾಳೆಯೇ ಇಂಜೆಕ್ಷನ್ ಎನ್ನುತ್ತಿಲ್ಲ. ನೀವು ಬರೆದ ಲಕ್ಷಣಗಳಲ್ಲಿ ಒಂದಕ್ಕೆ ಉಪಾಯ ಇದ್ದೀತು. ಗ್ವಾದಲಿಯ (ಮೇವು ಹಾಕುವ ಜಾಗದ) ಕೆಳಗೆ ಬಿದ್ದ ಕಣಿಕೆಯ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಹಿಂಡಿದ ಬಟ್ಟೆಯ ಹಾಗೆ ಸುರುಳಿಯಾಗಿ, ಜೊಲ್ಲಿನಿಂದ ಒದ್ದೆಯಾಗಿ, ದಂಟು ಮಾತ್ರ ಇಡಿಯಾಗಿ ಉಳಿದಿದ್ದರೆ ತೊಂದರೆ ಹಲ್ಲಿನದು. ಕುದುರೆಯ ಹಲ್ಲು ಸವೆದಂತೆಲ್ಲ ಒಸಡಿನಿಂದ ಮೇಲಕ್ಕೆ ಬರುತ್ತಲೇ ಇರುತ್ತದೆ. ಇಪ್ಪತ್ತು ದಾಟಿದ ಮೇಲೆ ಆ ದಾಸ್ತಾನು ಮುಗಿಯುತ್ತ ಬರುತ್ತದೆ. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೆ ಅರದಿಂದ ಉಜ್ಜಿ ಸರಿಮಾಡಬಹುದು. ಮೇವನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡಿ. ಹುರಳಿಯನ್ನು ಮೆತ್ತಗೆ ಬೇಯಿಸಿ, ಆರಿದ ಮೇಲೆ ತವುಡು, ಚಿಟಿಕೆ ಉಪ್ಪು ಕಲಸಿ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಇಡಿ. ಮೂರು ವಾರದಲ್ಲಿ ಬೆನ್ನು ಸ್ವಲ್ಪವಾದರೂ ತುಂಬಿದರೆ ಬಿಜಲಿಗೆ ಇನ್ನೂ ದಿನಗಳಿವೆ.

ಹಿಂಗಾಲಿನ ವಿಷಯಕ್ಕೆ ನನಗೆ ಹೆಚ್ಚು ಚಿಂತೆ. ನೀವು ಹಗಲು ಅವಳನ್ನು ನೋಡುತ್ತೀರಿ, ನಾನು ರಾತ್ರಿ ನೋಡಿ ಎನ್ನುತ್ತೇನೆ. ಕುದುರೆ ನಿಂತೇ ತೂಕಡಿಸುವುದು ನಿಜ. ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆಯಿಂದ ಒಂದು ಗಂಟೆಯಾದರೂ. ಎದ್ದೇಳಲು ಆಗುವುದಿಲ್ಲ ಎಂಬ ಭಯ ಹೊಕ್ಕ ಕುದುರೆ ಮಲಗುವುದನ್ನೇ ಬಿಡುತ್ತದೆ. ನಿಂತಲ್ಲೇ ನಿದ್ದೆ ಜೋರು ಬಂದು ಮುಂಗಾಲು ಕುಸಿಯುತ್ತದೆ, ಗಾಬರಿಯಾಗಿ ಮತ್ತೆ ಸಾವರಿಸಿಕೊಳ್ಳುತ್ತದೆ. ಮುಂಗಾಲಿನ ಮೊಣಕಾಲ ಮುಂಭಾಗ, ಗೊರಸಿನ ಮೇಲಿನ ಗೆಣ್ಣು, ಇವೆರಡು ಕಡೆ ಕೂದಲು ಹೋಗಿ ಹಕ್ಕಳೆ ಕಟ್ಟಿದ್ದರೆ ಅದು ಎಡವಿದ ಗಾಯವೆಂದು ಸುಮ್ಮನಾಗಬೇಡಿ, ನಿದ್ದೆಗೆಟ್ಟ ಗುರುತಿರಬಹುದು. ಬೆಳಿಗ್ಗೆ ಅವಳ ಪಕ್ಕೆಗೆ ಹುಲ್ಲೋ ಲದ್ದಿಯೋ ಅಂಟಿದೆಯೇ ನೋಡಿ. ಅಂಟಿದ್ದರೆ ಮಲಗಿ ಎದ್ದಿದ್ದಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿ, ಅದನ್ನೂ ಅಪ್ಪನ ಕೈಯಿಂದಲೇ ಹಾಕಿಸಿ. ಹತ್ತಾರು ದಿನ ಗುರುತೇ ಬೀಳದಿದ್ದರೆ ನೀವು ವಾದ ಮಾಡುವ ಅಗತ್ಯ ಬರಲಿಕ್ಕಿಲ್ಲ.

ಇನ್ನೊಂದು ಅಳತೆ ನಾಡಿ. ಕೆಳದವಡೆಯ ಒಳಬದಿಯಲ್ಲಿ ಬೆರಳಿಟ್ಟರೆ ಸಿಗುತ್ತದೆ. ಸುಮ್ಮನೆ ನಿಂತಿರುವಾಗ ನಿಮಿಷಕ್ಕೆ 28ರಿಂದ 44 ಸರಿ. ತಂಪು ಹೊತ್ತಿನಲ್ಲೂ 60 ದಾಟುತ್ತಿದ್ದರೆ ಒಳಗೆ ಜೋರು ನೋವಿದೆ ಎಂದೇ ಹಿಡಿಯಿರಿ, ತಡಮಾಡದೆ ವೈದ್ಯರನ್ನು ಕರೆಯಿರಿ. ನೋವಿನ ಔಷಧದಿಂದ ಕೆಲವು ತಿಂಗಳು ಆರಾಮವಾಗಿ ಕಳೆಯುವ ಕುದುರೆಗಳಿವೆ, ಆದರೆ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಔಷಧ ಅಂಗಡಿಯಿಂದ ಮನುಷ್ಯರ ಗುಳಿಗೆ ತಂದು ಹಾಕಬೇಡಿ.

ನಿಮ್ಮ ಊರಿನ ನೆಲದ ಬಗ್ಗೆಯೂ ಒಂದು ಮಾತು: ಅದು ಎರೆಮಣ್ಣು. ಮಳೆ ಹಿಡಿದರೆ ಆ ನೆಲದಲ್ಲಿ ಗಟ್ಟಿಮುಟ್ಟಾದ ದನವೇ ಜಾರುತ್ತದೆ. ಹಿಂಗಾಲು ಸೋತ ಕುದುರೆ ಕೆಸರಿನಲ್ಲಿ ಬಿದ್ದರೆ ಎಬ್ಬಿಸುವುದು ಕಷ್ಟ, ಹೂಳಲು ಜೆಸಿಬಿ ತಂದು ಕುಣಿ ತೋಡಿಸುವುದೂ ಕಷ್ಟ. ಹಲ್ಲು ನೋಡಿಸಿ, ಔಷಧ ಕೊಟ್ಟೂ ಅವಳು ಮಲಗದಿದ್ದರೆ ಮಿರಗದ (ಮೃಗಶಿರಾ) ಮಳೆಗೆ ಮೊದಲೇ ದಿನ ಗೊತ್ತು ಮಾಡಿ. ಅವಳು ತನ್ನ ಕಾಲ ಮೇಲೆ ಆ ಜಾಗದವರೆಗೆ ನಡೆದುಬರುವಂತಿರುವಾಗಲೇ ಇದು ಆಗಬೇಕು.

ಇಂಜೆಕ್ಷನ್ ಎಂದರೆ ಅಪ್ಪ ಏನು ಊಹಿಸಿಕೊಂಡಿದ್ದಾರೋ, ಆಗುವುದು ಇಷ್ಟು. ಮೊದಲು ಮಂಪರಿನ ಔಷಧ, ಅವಳ ತಲೆ ಮೆಲ್ಲಗೆ ಜೋಲುತ್ತದೆ. ಆಮೇಲೆ ಕುತ್ತಿಗೆಯ ರಕ್ತನಾಳಕ್ಕೆ ಅರಿವಳಿಕೆ ಔಷಧ ಅತಿ ಹೆಚ್ಚಿನ ಪ್ರಮಾಣದಲ್ಲಿ. ಒಂದು ನಿಮಿಷದೊಳಗೇ ಪ್ರಜ್ಞೆ ತಪ್ಪಿ ಕುಸಿಯುತ್ತಾಳೆ, ಆಗ ಯಾರೂ ಹತ್ತಿರ ನಿಲ್ಲಬಾರದು. ಬಿದ್ದ ಮೇಲೆ ಒಂದೆರಡು ದೊಡ್ಡ ಉಸಿರು ಬರಬಹುದು, ಚರ್ಮ ಅದುರಬಹುದು, ಕಣ್ಣು ತೆರೆದೇ ಇರುತ್ತದೆ. ಅವು ನೋವಿನ ಗುರುತಲ್ಲ. ಇದನ್ನು ಮೊದಲೇ ಹೇಳಿರಿ, ಇಲ್ಲವಾದರೆ ಆ ಕಣ್ಣು ಅಪ್ಪನನ್ನು ಕಾಡುತ್ತದೆ. ಆ ಔಷಧ ಹೆಣದಲ್ಲಿ ಉಳಿಯುತ್ತದೆ, ತಿಂದ ನಾಯಿ ಹದ್ದುಗಳೂ ಸಾಯುತ್ತವೆ. ಆದ್ದರಿಂದ ಬಾವಿ, ಹಳ್ಳದಿಂದ ದೂರದಲ್ಲಿ ಆಳವಾಗಿ ಹೂಳಬೇಕು.

ಆ ಹೊತ್ತಿಗೆ ಅಪ್ಪ ಅಲ್ಲಿರಲೇಬೇಕೆಂದಿಲ್ಲ. ಕೆಲವರು ಬೆಲ್ಲದ ತುಂಡು ತಿನ್ನಿಸಿ, ಹಣೆ ಸವರಿ ಹೊರಗೆ ಹೋಗಿ ಕೂಡುತ್ತಾರೆ. ಕೆಲವರು ಕೊನೆಯವರೆಗೂ ನಿಲ್ಲುತ್ತಾರೆ. ಯಾವುದು ಎಂಬುದನ್ನು ಅವರೇ ಹೇಳಲಿ, ನೀವು ನಿರ್ಧರಿಸಬೇಡಿ.

ಈಗ ಮೊದಲು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿ ಹಲ್ಲು ತೋರಿಸಿ. ಕ್ಯಾಲೆಂಡರಿನ ಗುರುತು ಇಂದು ರಾತ್ರಿಯಿಂದಲೇ ಶುರುವಾಗಲಿ.