ತಲೆಯೊಳಗಿನ ಮಾತು ಯಾವ ಭಾಷೆಯದ್ದು?

ಕನ್ನಡ ಮಾಧ್ಯಮದಲ್ಲಿ ಓದಿ, ಮಲಯಾಳದಲ್ಲಿ ಕೆಲಸ ಮಾಡುವವರು ಮನಸ್ಸಿನ ಕಷ್ಟ ಹೇಳಿಕೊಂಡು ಸಲಹೆಗೆ ನನ್ನ ಹತ್ತಿರ ಆಗಾಗ ಬರುತ್ತಾರೆ. ಕಾಸರಗೋಡಿನಲ್ಲಿ ಇದು ಹೊಸತೇನಲ್ಲ. ಈ ಒಂದು ಪ್ರಕರಣ ಮಾತ್ರ ನನ್ನ ತಪ್ಪನ್ನೇ ನನಗೆ ತೋರಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ಸುಮ ಎನ್ನೋಣ. ಇಪ್ಪತ್ತೊಂಬತ್ತು ವರ್ಷ, ಬದಿಯಡ್ಕ ಕಡೆಯವಳು, ಪೇಟೆಯ ಒಂದು ಖಾಸಗಿ ಕಚೇರಿಯ ಬಿಲ್ ಕೌಂಟರಿನಲ್ಲಿ ಕೆಲಸ. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಊಟ ಸೇರುತ್ತಿರಲಿಲ್ಲ. ಚಿಕ್ಕಮ್ಮನ ಮಗಳ ಮದುವೆಗೂ ಹೋಗಿರಲಿಲ್ಲ. ಮನೆಯವರು "ಸ್ವಲ್ಪ ಧೈರ್ಯ ತಂದುಕೋ" ಅಂದಿದ್ದರು, ಅಷ್ಟೆ. ಬೇಸರ ಎರಡು ವಾರ ದಾಟಿ ನಿದ್ದೆ, ಊಟವನ್ನೂ ಕೆಡಿಸಿದರೆ ಅದು ಸುಮ್ನೆ ಬೇಸರ ಅಲ್ಲ. ಮೊದಲ ಭೇಟಿಯಲ್ಲೇ ಮನೋವೈದ್ಯರ ಹತ್ತಿರ ಕಳಿಸಿದೆ. ಮಾತ್ರೆ ಶುರುವಾಯಿತು.

ಜೊತೆಗೆ ಒಂದು ನೋಟ್‌ಬುಕ್ ಕೊಟ್ಟೆ. ಏನಾಯಿತು, ಆಗ ಮನಸ್ಸಿಗೆ ಬಂದ ಮಾತು ಯಾವುದು, ಅದನ್ನು ನೂರಕ್ಕೆ ಎಷ್ಟು ನಂಬಿದೆ ಎಂದು ಮೂರು ಕಾಲಂ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯ ಜಾಡು ಇದು. ಕರೆಯದೆ ಬರುವ ಯೋಚನೆಯನ್ನು ಮೊದಲು ಹಿಡಿಯಬೇಕು, ಆಮೇಲೆ ನಿಜವೋ ಸುಳ್ಳೋ ನೋಡಬೇಕು.

ನಾಲ್ಕನೇ ಭೇಟಿಯಲ್ಲಿ ಪುಟ ತಿರುವಿದೆ. ನಡುವಿನ ಕಾಲಂನಲ್ಲಿ ಹನ್ನೊಂದು ಸಲ ಒಂದೇ ಮಾತು: 'ನಾನು ಅಸಮರ್ಥಳು.'

"ಹೀಗೆ ಯಾರಾದ್ರೂ ಮಾತಾಡ್ತಾರಾ?" ಎಂದೆ.

ಆಕೆಗೆ ನಗು ಬಂತು. "ಇಲ್ಲ ಮೇಡಂ. ನೀವು ಬರೀಲಿಕ್ಕೆ ಹೇಳಿದ್ರಲ್ಲ, ಹಾಗೆ ಪುಸ್ತಕದ ಭಾಷೆಯಲ್ಲಿ ಬರೆದದ್ದು." ತಪ್ಪು ನನ್ನದೇ. ಬಂದ ಹಾಗೇ ಬರೆ ಎಂದು ನಾನು ಹೇಳಿರಲಿಲ್ಲ.

"ಹಾಗಾದ್ರೆ ತಲೆಯಲ್ಲಿ ಬರುದು ಎಂತ?"

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಪೆನ್ನು ತೆಗೆದುಕೊಂಡು ಒಂದು ಮಲಯಾಳ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆದಳು: 'ಇವಳ್ಕ್ಕ್ ಒನ್ನುಂ ಅರಿಯಿಲ್ಲ.' ಇವಳಿಗೆ ಏನೂ ಗೊತ್ತಿಲ್ಲ.

'ನನಗೆ' ಅಲ್ಲ, 'ಇವಳಿಗೆ'. ಎರಡು ವರ್ಷದ ಹಿಂದೆ ಮ್ಯಾನೇಜರು ಪಕ್ಕದವರಿಗೆ ಹೇಳಿದ ಮಾತು. ಹೇಳಿದ್ದು ಒಂದೇ ಸಲ. ಇವಳಿಗೆ ಅರ್ಥವಾಗುವುದಿಲ್ಲ ಅಂದುಕೊಂಡು ಎದುರಿಗೇ ಹೇಳಿದ್ದರು.

"ನನಗೆ ಗೊತ್ತಾಯ್ತಲ್ಲ ಮೇಡಂ," ಎಂದಳು, ಅಳುತ್ತಾ. ಆಮೇಲೆ ತಾನೇ ಮೂರನೇ ಕಾಲಂನ 90 ಹೊಡೆದು 60 ಮಾಡಿದಳು.

ಸೊನ್ನೆ ಆಗಲಿಲ್ಲ. ಆಗಬೇಕೆಂದು ನಾನೂ ಒತ್ತಾಯಿಸಲಿಲ್ಲ. 'ನಾನು ಬುದ್ಧಿವಂತೆ' ಎಂದು ದಿನಾ ಹೇಳಿಕೊಳ್ಳುವ ಮದ್ದಿನಲ್ಲಿ ನನಗೆ ನಂಬಿಕೆಯಿಲ್ಲ. ಖಿನ್ನತೆಯಲ್ಲಿರುವವರಿಗೆ ಅಂಥ ಮಾತು ಇನ್ನೊಂದು ಸುಳ್ಳಿನ ಹಾಗೆ ಕೇಳಿಸುತ್ತದೆ. ಕೆಟ್ಟ ಯೋಚನೆಯಲ್ಲೂ ಒಂದು ಚೂರು ನಿಜ ಇರುತ್ತದೆ. ಅದನ್ನು ಉಳಿಸಿಕೊಂಡೇ ಉಳಿದದ್ದನ್ನು ತೆಗೆಯಬೇಕು. ಕೊನೆಗೆ ಇಬ್ಬರೂ ಸೇರಿ ಬರೆದದ್ದು ಇಷ್ಟು: 'ಮಲಯಾಳ ಬರೆಯುವುದು ನಿಧಾನ. ಬಿಲ್ಲಿನ ಲೆಕ್ಕ ತಪ್ಪಿದ್ದಿಲ್ಲ.'

ಈ ಕತೆ ಕೇಳಿದ ಗೆಳೆಯರೊಬ್ಬರು ನನ್ನ ಮೇಲೆ ರೇಗಿದರು. "ಅನ್ಯಾಯ ಮಾಡಿದವರು ಅವರು, ಯೋಚನೆ ಬದಲಿಸಬೇಕಾದ್ದು ಇವಳಾ?" ಎಂದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇರುವ ನೋವು ಅದು, ಅವರ ಸಿಟ್ಟು ನನಗೂ ಗೊತ್ತು. ಆದರೆ ಮೂರು ಗಂಟೆಗೆ ಎದ್ದು ಕೂತವಳಿಂದ ದೂರು ಬರೆಸಲಿಕ್ಕಾಗುತ್ತದಾ? ಮೊದಲು ನಿದ್ದೆ ಬರಲಿ. ಜಗಳ ಮಾಡಬೇಡ ಎಂದು ನಾನು ಹೇಳಿಲ್ಲ. ಕೆಲಸ ಬಿಡುವ ತೀರ್ಮಾನವನ್ನು ಮಾತ್ರ ಸದ್ಯ ಮುಂದೆ ಹಾಕಿ ಎಂದಿದ್ದೆ. ಖಿನ್ನತೆಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ ಹಾಗೇ ಕಾಣುತ್ತದೆ.

ಓದುವವರಿಗೂ ಇದನ್ನೇ ಹೇಳುತ್ತೇನೆ. ಯೋಚನೆಯನ್ನು ಬಂದ ಹಾಗೇ ಬರೆಯಿರಿ. ತುಳುವಿನಲ್ಲಿ ಬಂದರೆ ತುಳುವಿನಲ್ಲಿ, ಬೈಗುಳವಾದರೆ ಬೈಗುಳವೇ. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು, ನೀವಾಗಿ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಮಾತ್ರ ನೋಟ್‌ಬುಕ್ ಹುಡುಕುತ್ತಾ ಕೂರಬೇಡಿ. ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ.

ಸುಮ ಕಳೆದ ತಿಂಗಳು ಬಂದಿದ್ದಳು. ಈಗ ಐದರವರೆಗೂ ನಿದ್ದೆ ಬರುತ್ತದಂತೆ. ಮಾತ್ರೆ ನಡೆಯುತ್ತಿದೆ. ಮ್ಯಾನೇಜರು ಅವರೇ.