ಬಿ.ಪಿ. ನೋಡಲು ಗ್ಲೌಸ್ ಬೇಕೇ?

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕೋವಿಡ್ ಬಂದಾಗಿನಿಂದ ನಮ್ಮ ವಾರ್ಡಿನಲ್ಲಿ ಎಲ್ಲದಕ್ಕೂ ಗ್ಲೌಸ್ ಹಾಕುವುದು ರೂಢಿಯಾಗಿದೆ. ಪ್ರತಿ ಪಾಳಿಯಲ್ಲೂ ಬಳಸಿದ ಗ್ಲೌಸ್ ಹಾಕುವ ಕೆಂಪು ಚೀಲ ತುಂಬಿ ತುಳುಕುವುದನ್ನು ಕಂಡರೆ ಸಂಕಟವಾಗುತ್ತದೆ. ಕಡಿಮೆ ಮಾಡೋಣ ಎಂದರೆ, ‘ಸೋಂಕು ಹರಡಿದರೆ ಯಾರು ಹೊಣೆ?’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಸಿಸ್ಟರ್, ನಿಮ್ಮ ಸಂಕಟ ನ್ಯಾಯವಾದದ್ದು. ಗ್ಲೌಸ್ ಕಡಿಮೆ ಮಾಡಿದರೆ ಸೋಂಕು ಹೆಚ್ಚುತ್ತದೆ ಎಂಬ ಭಯವನ್ನು ಮೊದಲು ಬಿಡಿಸಬೇಕು.

ವಾರ್ಡಿನಲ್ಲಿ ಒಂದು ಜೊತೆ ಗ್ಲೌಸ್ ಹೋಗುವ ದಾರಿಯನ್ನು ಗಮನಿಸಿ. ಒಬ್ಬರ ಬಿ.ಪಿ. ನೋಡಿದ ಕೈ ಮಂಚದ ಕಂಬಿ ಹಿಡಿಯುತ್ತದೆ, ಕೇಸ್ ಶೀಟಿನ ಪೆನ್ನು ಎತ್ತುತ್ತದೆ, ಅದೇ ಗ್ಲೌಸಿನಲ್ಲಿ ಪಕ್ಕದ ಮಂಚದವರ ಡ್ರಿಪ್ ಸರಿಪಡಿಸುತ್ತದೆ. ಬರಿಗೈಯಾಗಿದ್ದರೆ ನಡುವೆ ಕೈಗೆ ಉಜ್ಜಿಕೊಳ್ಳುವ ಸೋಂಕುನಾಶಕ ದ್ರವ, ಹ್ಯಾಂಡ್‌ರಬ್, ನೆನಪಾಗುತ್ತಿತ್ತು. ಗ್ಲೌಸ್ ಇದ್ದಾಗ ಕೈ ಶುದ್ಧವಾಗಿಯೇ ಇದೆ ಎಂದು ಮನಸ್ಸು ನಂಬಿಬಿಡುತ್ತದೆ. ಸೋಂಕು ದಾಟುವುದು ಅಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಿ.ಪಿ., ಜ್ವರ, ನಾಡಿ ನೋಡಲು, ಮಾತ್ರೆ ಕೊಡಲು, ಸ್ನಾಯುವಿಗೆ ಅಥವಾ ಚರ್ಮದಡಿಗೆ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಗ್ಲೌಸ್ ಬೇಕಿಲ್ಲ. ರಕ್ತ, ದೇಹದ್ರವ, ತೆರೆದ ಗಾಯ ಮುಟ್ಟುವಾಗ, ಸೋಂಕು ಹರಡದಂತೆ ವಿಶೇಷ ಎಚ್ಚರಿಕೆಯಲ್ಲಿ ಇರಿಸಿರುವ ರೋಗಿಗಳ ಆರೈಕೆಯಲ್ಲಿ ಕಡ್ಡಾಯವಾಗಿ ಬೇಕು. ಅಲ್ಲಿ ಒಂದು ಜೊತೆಯನ್ನೂ ಉಳಿಸಲು ಹೋಗಬೇಡಿ. ಕಳಚಿದ ಮೇಲೂ ಕೈ ಶುಚಿ ಮಾಡಿಕೊಳ್ಳಲೇಬೇಕು; ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಕಳಚುವಾಗ ಕೈಗೆ ಮೆತ್ತಿಕೊಳ್ಳುವುದೂ ಉಂಟು.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 2018ರಲ್ಲಿ ಇದನ್ನೇ ಮಾಡಿತು. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಸಿಬ್ಬಂದಿಗೆ ಕಲಿಸಿತು. ಒಂದು ವರ್ಷದಲ್ಲಿ ಸುಮಾರು 21 ಟನ್ ಪ್ಲಾಸ್ಟಿಕ್ ಉಳಿಯಿತು. ಹಿಂದೆ, 1890ರ ಸುಮಾರಿಗೆ, ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಮೊದಲು ರಬ್ಬರ್ ಗ್ಲೌಸ್ ಮಾಡಿಸಿದ್ದು ಸೋಂಕುನಾಶಕದಿಂದ ಕೈಚರ್ಮ ಕೆಟ್ಟಿದ್ದ ನರ್ಸ್ ಒಬ್ಬರಿಗಾಗಿ. ಇಂದು ದಿನವಿಡೀ ಗ್ಲೌಸಿನೊಳಗೆ ಬೆವರಿ ನಿಮ್ಮಂಥವರ ಕೈಗಳೇ ಒಡೆಯುತ್ತಿರುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಹಳದಿ ಚೀಲದ ಕಡೆಗೂ ಒಮ್ಮೆ ನೋಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಗ್ಲೌಸ್ ಕೆಂಪಿಗೆ ಹೋಗಿ, ಆಟೋಕ್ಲೇವ್ ಯಂತ್ರದ ಒತ್ತಡದ ಹಬೆಯಲ್ಲಿ ಸೋಂಕು ಕಳೆದು, ಚೂರಾಗಿ ಮರುಬಳಕೆಗೆ ಸಾಗಬೇಕು. ಹಳದಿಗೆ ಬಿದ್ದರೆ ಸುಡುವ ಕುಲುಮೆಗೆ ಸೇರುತ್ತದೆ. ಔಷಧದ ರಟ್ಟು, ಊಟದ ಎಲೆಯೂ ಅದಕ್ಕೆ ಬೀಳುತ್ತಿದ್ದರೆ, ಊರ ಕಸದೊಂದಿಗೆ ಹೋಗಬೇಕಾದದ್ದನ್ನು ಇಂಧನ ಸುರಿದು ಸುಟ್ಟಂತೆ.

ಹೊಣೆಯ ಪ್ರಶ್ನೆ ಒಬ್ಬರೇ ಹೊರುವಂಥದ್ದಲ್ಲ. ಒಂದು ಪಾಳಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಜೊತೆ ಹೋಯಿತು ಎಂದು ಬರೆದಿಟ್ಟು, ಆ ಹಾಳೆಯನ್ನು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಮುಂದಿಡಿ. ಲಿಖಿತ ಆದೇಶ ಕೇಳಿ. ಅದರ ಜೊತೆಗೆ ಪ್ರತಿ ಮಂಚಕ್ಕೂ ಕೈಗೆಟಕುವಂತೆ ಒಂದು ಹ್ಯಾಂಡ್‌ರಬ್ ಬಾಟಲಿಯನ್ನೂ ಕೇಳಿ. ಬಾಟಲಿ ಬರುವವರೆಗೆ ಗ್ಲೌಸ್ ಡಬ್ಬ ತೆಗೆಸಬೇಡಿ.