ಏಜೆಂಟ್ ಕಡತಗಳ ಪಟ್ಟಿ ಕೇಳಿದಾಗ ಮಾತ್ರ ‘ಸಂದೇಶ ತೀರಾ ಉದ್ದ’ ಎಂಬ ದೋಷ
ಟರ್ಮಿನಲ್‌ನಿಂದ ಸರ್ವರ್‌ಗೆ ಲಾಗಿನ್ ಆಗುತ್ತಿದ್ದರೂ ಏಜೆಂಟ್‌ನ (ನಿಮ್ಮ ಪರವಾಗಿ ಕೆಲಸ ಮಾಡುವ ಎಐ ತಂತ್ರಾಂಶದ) ಉಪಕರಣ ಎಸ್‌ಎಫ್‌ಟಿಪಿ (ಕಡತಗಳನ್ನು ಸುರಕ್ಷಿತವಾಗಿ ಸಾಗಿಸುವ ವಿಧಾನ) ಮೂಲಕ ಪಟ್ಟಿ ಕೇಳಿದಾಗ ಮಾತ್ರ 1466264675 ಎಂಬ ಸಂಖ್ಯೆಯೊಡನೆ ಈ ದೋಷ ಬರುತ್ತಿದೆ ಎಂದಿದ್ದೀರಿ. ಸರ್ವರ್‌ನ ಬ್ಯಾಷ್‌ಆರ್‌ಸಿ ಕಡತದಲ್ಲಿ (ಆಜ್ಞೆಗಳನ್ನು ಚಲಾಯಿಸುವ ಶೆಲ್ ಎಂಬ ತಂತ್ರಾಂಶ ಶುರುವಾಗುವಾಗ ಓದುವ ಕಡತ) ಸ್ವಾಗತ ಸಂದೇಶ ಮುದ್ರಿಸುವ ಎಕೋ ಸಾಲೇ ಬಹುತೇಕ ಇದಕ್ಕೆ ಕಾರಣ. ಪ್ರತಿ ಸಂದೇಶದ ಮೊದಲ ನಾಲ್ಕು ಬೈಟ್‌ಗಳನ್ನು ಎಸ್‌ಎಫ್‌ಟಿಪಿ ಉದ್ದವೆಂದು ಓದುತ್ತದೆ. ಇಂಗ್ಲಿಷಿನ ‘ವೆಲ್‌ಕಮ್’ ಪದದ ಮೊದಲ ನಾಲ್ಕು ಅಕ್ಷರಗಳನ್ನು ಹಾಗೆ ಓದಿದರೆ ಸಿಗುವುದು ಇದೇ ಸಂಖ್ಯೆ.

ಮೊದಲು ಎಸ್‌ಎಸ್‌ಎಚ್ (ಸರ್ವರ್‌ಗೆ ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕ, ತಾನಾಗಿ ಏನನ್ನೂ ಮುದ್ರಿಸದ ‘ಟ್ರೂ’ ಆಜ್ಞೆಯೊಂದನ್ನೇ ಚಲಾಯಿಸಿ. ಏನೂ ಮುದ್ರಣವಾಗಬಾರದು; ಏನಾದರೂ ಮುದ್ರಣವಾದರೆ, ಆ ಎಕೋ ಸಾಲನ್ನು ಲಾಗಿನ್ ಶೆಲ್ (ಲಾಗಿನ್ ಆದಾಗ ಶುರುವಾಗುವ ಶೆಲ್) ಮಾತ್ರ ಓದುವ ಬ್ಯಾಷ್‌ಪ್ರೊಫೈಲ್ ಕಡತಕ್ಕೆ ಸ್ಥಳಾಂತರಿಸಿ, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಬ್ಯಾಷ್‌ಆರ್‌ಸಿ ಕಡತವನ್ನು ಮುಟ್ಟಲಾಗದಿದ್ದರೆ, ರೂಟ್ ಅಧಿಕಾರವುಳ್ಳವರು (ಸರ್ವರ್‌ನ ಮೇಲೆ ಪೂರ್ಣ ಅಧಿಕಾರವಿರುವವರು) ಎಸ್‌ಎಸ್‌ಎಚ್ ಸೇವೆಯ ಸಂರಚನೆಯಲ್ಲಿ ಎಸ್‌ಎಫ್‌ಟಿಪಿ ಉಪವ್ಯವಸ್ಥೆಯನ್ನು ‘ಇಂಟರ್ನಲ್-ಎಸ್‌ಎಫ್‌ಟಿಪಿ’ ಎಂದು ಬದಲಿಸಿ ಸೇವೆಯನ್ನು ಮರುಪ್ರಾರಂಭಿಸಬಹುದು. ಆಗ ಶೆಲ್ ನಡುವೆ ಬರುವುದೇ ಇಲ್ಲ. ನನಗೆ ಮೊದಲ ದಾರಿಯೇ ಮೇಲೆನಿಸುತ್ತದೆ.

ಇಷ್ಟಾದ ಮೇಲೂ ‘ಅಂಥ ಕಡತಕೋಶ ಇಲ್ಲ’ ಎಂದು ಬಂದರೆ, ಏಜೆಂಟ್ ಕಳುಹಿಸುತ್ತಿರುವ ಮಾರ್ಗವನ್ನು ಲಾಗ್‌ನಲ್ಲಿ ನೋಡಿ. ಮನೆ ಕೋಶಕ್ಕೆ (ಬಳಕೆದಾರರ ಸ್ವಂತ ಕಡತಕೋಶಕ್ಕೆ) ಬಳಸುವ ಟಿಲ್ಡೆ (~) ಚಿಹ್ನೆಯನ್ನು ವಿಸ್ತರಿಸುವುದು ಶೆಲ್‌ನ ಕೆಲಸವಾದ್ದರಿಂದ ಎಸ್‌ಎಫ್‌ಟಿಪಿಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಪೂರ್ಣ ಮಾರ್ಗವನ್ನೇ ಕೊಡಬೇಕೆಂದು ಉಪಕರಣದ ವಿವರಣೆಯಲ್ಲಿ ಬರೆದುಬಿಡಿ.